ಪಾಠ ಹೇಳುವವರ ಸ್ವಂತ ಧ್ಯಾನ: ಭಾನುವಾರದ ತಯಾರಿ ಅದನ್ನು ನುಂಗದಂತೆ ನೋಡಿಕೊಳ್ಳುವುದು ಹೇಗೆ

ಸಂಡೇ ಸ್ಕೂಲಿನಲ್ಲಿ, ಗೃಹಕೂಟದಲ್ಲಿ, ಯುವಜನರ ಬೈಬಲ್ ಅಧ್ಯಯನದಲ್ಲಿ ಪಾಠ ಹೇಳುವವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವರು. ಬೈಬಲ್ ತೆರೆದು ಕೂರಲು ವಾರದಲ್ಲಿ ಸಿಗುವ ಹೊತ್ತು ಅಷ್ಟಕ್ಕಷ್ಟೇ. ಜವಾಬ್ದಾರಿ ಹೆಗಲಿಗೆ ಬಿದ್ದ ಕೆಲವೇ ತಿಂಗಳಲ್ಲಿ ಆ ಹೊತ್ತೂ ತಯಾರಿಗೇ ಹೋಗುತ್ತದೆ. ಬೈಬಲ್ ದಿನಾ ತೆರೆಯುತ್ತಾರೆ, ನೋಟ್‌ಬುಕ್ ತುಂಬುತ್ತಾರೆ, ಆದರೆ ತಮಗೋಸ್ಕರ ಓದಿ ಎಷ್ಟು ದಿನವಾಯಿತು ಎಂದು ಕೇಳಿಕೊಂಡರೆ ಲೆಕ್ಕ ಸಿಗುವುದಿಲ್ಲ.

ಇದಕ್ಕೆ ಎಲ್ಲರೂ ಕೊಡುವ ಸಲಹೆ, ಬೆಳಿಗ್ಗೆ ಇನ್ನೊಂದು ಗಂಟೆ ಬೇಗ ಏಳಿ ಎನ್ನುವುದು. ಅದು ಎರಡು ವಾರ ನಡೆದು ನಿಂತುಹೋಗುತ್ತದೆ. ಹೊತ್ತಿನ ಕೊರತೆ ನಿಜ, ಆದರೆ ಅದಕ್ಕಿಂತ ದೊಡ್ಡ ತೊಂದರೆ ಕೆಲಸಗಳ ಕ್ರಮದ್ದು. ಎಜ್ರ 7:10ರಲ್ಲಿ ಎಜ್ರನೆಂಬ ಶಾಸ್ತ್ರಿ ಮನಸ್ಸಿಟ್ಟದ್ದು ಮೂರು ಕೆಲಸಕ್ಕೆ: ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡುವುದು, ಅದರಂತೆ ನಡೆಯುವುದು, ಆಮೇಲೆ ಕಲಿಸುವುದು. ಶನಿವಾರ ರಾತ್ರಿ ಓದಿದ್ದನ್ನು ಭಾನುವಾರ ಬೆಳಿಗ್ಗೆ ಹೇಳುವವರಿಗೆ ನಡುವಿನದಕ್ಕೆ ಬಿಡುವೇ ಇರುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಕ್ರಮದ ತಿರುಳು ಒಂದೇ: ಯಾವ ವಾಕ್ಯಭಾಗವೇ ಆಗಲಿ, ಅದು ಪಾಠವಾಗುವ ಮುಂಚೆ ಕೆಲವು ದಿನ ನಿಮ್ಮ ಹತ್ತಿರ ಸುಮ್ಮನೆ ಇರಬೇಕು.

ಮೂರು ವಾರ ಮುಂಚೆ ಓದಿಡುವುದು

ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಪ್ರತಿ ಭಾನುವಾರದ ವಿಷಯವೂ ವಾಚನಗಳೂ ಲೆಕ್ಷನರಿಯಲ್ಲಿ, ಎಂದರೆ ವರ್ಷದ ವಾಚನಗಳ ಪಟ್ಟಿಯಲ್ಲಿ, ಮೊದಲೇ ಅಚ್ಚಾಗಿರುತ್ತವೆ. ಕ್ಯಾಥೊಲಿಕ್ ಸಭೆಯಲ್ಲೂ ಹಾಗೆಯೇ. ಸಂಡೇ ಸ್ಕೂಲ್ ಪಠ್ಯಪುಸ್ತಕ ಇದ್ದರೆ ಇಡೀ ವರ್ಷದ ಪಾಠ ಕೈಯಲ್ಲೇ ಇದೆ. ಇಂಥ ಪಟ್ಟಿ ಇಲ್ಲದ ಸಭೆಯಾದರೆ ಒಂದು ಪುಸ್ತಕ ಹಿಡಿದು ಮೊದಲಿಂದ ಕೊನೆವರೆಗೆ ಕಲಿಸಿ. ಫಿಲಿಪ್ಪಿಯವರಿಗೆ ಬರೆದ ಪತ್ರ 4 ಅಧ್ಯಾಯ, 104 ವಚನ, ಆರೆಂಟು ವಾರಕ್ಕೆ ಸಾಕು. ಯೋನ 48 ವಚನ, ನಾಲ್ಕು ವಾರ. ಪ್ರತಿ ವಾರ "ಈ ಸಲ ಏನು ಹೇಳಲಿ" ಎಂದು ಹುಡುಕುವವರ ಧ್ಯಾನವೆಲ್ಲ ವಿಷಯ ಬೇಟೆಯಾಗಿಬಿಡುತ್ತದೆ. ಮುಂದಿನ ಭಾಗ ಯಾವುದೆಂದು ಮೊದಲೇ ಗೊತ್ತಿದ್ದರೆ ಅರ್ಧ ಕಾಟ ಅಲ್ಲಿಗೇ ಕಳೆಯಿತು.

ಪಟ್ಟಿ ಕೈಗೆ ಬಂದಮೇಲೆ ಹೀಗೆ ಮಾಡಿ. ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ ಎಂದಿಟ್ಟುಕೊಳ್ಳೋಣ, ಬೆಳಗಿನ ಧ್ಯಾನಕ್ಕೆ ಮೂರು ವಾರದ ನಂತರದ ಪಾಠಭಾಗವನ್ನು ಓದಿ. ಪಾಠಕ್ಕೆ ಇನ್ನೂ ದಿನಗಳಿರುವುದರಿಂದ ಅದನ್ನು ಬಿಂದುಗಳಾಗಿ ಕತ್ತರಿಸುವ ಅವಸರ ಇರುವುದಿಲ್ಲ. ಉಳಿದ ಐದು ದಿನ ಪಾಠಕ್ಕೂ ಅದಕ್ಕೂ ಸಂಬಂಧವೇ ಇಲ್ಲದ ಪುಸ್ತಕ ಓದಿ. ಸುವಾರ್ತೆ ಕಲಿಸುತ್ತಿದ್ದರೆ ಕೀರ್ತನೆಗಳು, ಫಿಲಿಪ್ಪಿಯಂಥ ಪತ್ರ ಕಲಿಸುತ್ತಿದ್ದರೆ ಸಮುವೇಲನಂಥ ಕಥನ. ಒಂದೇ ಬಗೆಯ ಪುಸ್ತಕವಾದರೆ ಮನಸ್ಸು ತಾನಾಗಿ ಹೋಲಿಸಲು ಶುರುಮಾಡುತ್ತದೆ, ಮತ್ತೆ ತಯಾರಿಗೇ ಜಾರುತ್ತದೆ.

ವರ್ಷದಲ್ಲಿ ಬೈಬಲ್ ಮುಗಿಸುವ ಯೋಜನೆಗಳ ಬಗ್ಗೆ ಒಂದು ಮಾತು. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ, ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಕು. 1842ರಲ್ಲಿ ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರ್ರೆ ಮಕ್‌ಚೇನ್ ತಮ್ಮ ಸಭೆಗೆ ಮಾಡಿಕೊಟ್ಟ, ಇಂದಿಗೂ ಬಳಕೆಯಲ್ಲಿರುವ ಪಟ್ಟಿಯಲ್ಲಿ ದಿನಕ್ಕೆ ನಾಲ್ಕು ಅಧ್ಯಾಯ. ಒಳ್ಳೆಯ ಪಟ್ಟಿ, ಆದರೆ ವಾರವಾರ ಪಾಠ ಹೇಳುವ, ಬೆಳಿಗ್ಗೆ 25 ನಿಮಿಷವಷ್ಟೇ ಸಿಗುವ ವ್ಯಕ್ತಿಗೆ ಅದು ಓಟ. ದಿನಕ್ಕೆ ಒಂದೇ ಅಧ್ಯಾಯ ಓದಿದರೂ ಮೂರು ವರ್ಷ ಮೂರು ತಿಂಗಳಲ್ಲಿ ಇಡೀ ಬೈಬಲ್ ಮುಗಿಯುತ್ತದೆ. ತಾರೀಖು ಹಾಕಿದ ಪಟ್ಟಿ ಮಾತ್ರ ಬೇಡ. ನಾಲ್ಕು ದಿನ ತಪ್ಪಿದರೆ ಬಾಕಿ ಸಾಲದಂತೆ ಬೆಳೆಯುತ್ತದೆ, ಮಾರ್ಚ್ ಹೊತ್ತಿಗೆ ಕೈಬಿಡುತ್ತೀರಿ. ಓದಿದ್ದಕ್ಕೆ ಟಿಕ್ ಹಾಕಿ, ತಪ್ಪಿದ ದಿನ ತಪ್ಪಿತು, ನಾಳೆ ಅಲ್ಲಿಂದಲೇ ಮುಂದೆ.

ಬೆಳಗಿನ 25 ನಿಮಿಷ

ಅಚ್ಚಿನ ಬೈಬಲ್ ಬಳಸಿ, ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಮೊಬೈಲಿನ ಬೈಬಲ್ ಆ್ಯಪ್ ಕೆಟ್ಟದ್ದೇನಲ್ಲ, ಆದರೆ ವಚನದ ಪಕ್ಕದಲ್ಲೇ ವಾಟ್ಸಾಪ್ ಸಂದೇಶ ಇಣುಕುತ್ತದೆ, ಅದರಲ್ಲೂ ಸಭೆಯ ಗುಂಪಿನ ಸಂದೇಶ. ಅದನ್ನು ನೋಡಿದ ಕೂಡಲೇ ನೀವು ಮತ್ತೆ ಟೀಚರ್ ಆದಿರಿ.

ಮೊದಲ ಎರಡು ಮೂರು ನಿಮಿಷ ಮೌನ, ಒಂದು ಚಿಕ್ಕ ಪ್ರಾರ್ಥನೆ. ಆಮೇಲೆ ಭಾಗವನ್ನು ತುಟಿ ಅಲುಗಿಸಿ, ತಗ್ಗಿದ ದನಿಯಲ್ಲಿ ಎರಡು ಸಲ ಓದಿ. ಪೆನ್ನು ಕೈಯಲ್ಲಿ ಬೇಡ. ಪೆನ್ನು ಹಿಡಿದ ಕೈ ಗೆರೆ ಎಳೆಯುತ್ತದೆ, ಗೆರೆ ಎಳೆದದ್ದು ಪಾಠದ ಬಿಂದುವಾಗುತ್ತದೆ. ಎಲ್ಲಿ ಮನಸ್ಸು ತಡೆಯಿತೋ ಆ ಒಂದು ವಚನದಲ್ಲಿ ಹತ್ತು ನಿಮಿಷ ನಿಲ್ಲಿ. ಉಳಿದ ಹೊತ್ತು ಅದರ ಮೇಲೇ ಪ್ರಾರ್ಥನೆ. 12ನೆಯ ಶತಮಾನದ, ಕಾರ್ತೂಸಿಯನ್ ಎಂಬ ಕ್ಯಾಥೊಲಿಕ್ ಮಠಪಂಥದ ಸನ್ಯಾಸಿ ಎರಡನೆಯ ಗೀಗೊ ಓದು, ಮನನ, ಪ್ರಾರ್ಥನೆ, ದೈವದರ್ಶನ ಎಂದು ನಾಲ್ಕು ಮೆಟ್ಟಿಲು ಹೇಳಿದ್ದು ಹೆಚ್ಚುಕಡಿಮೆ ಇದೇ ನಡೆ. ಕ್ಯಾಥೊಲಿಕ್ ಧ್ಯಾನಕೇಂದ್ರಗಳಲ್ಲಿ ಇದನ್ನು ಲೆಕ್ಟಿಯೊ ಡಿವಿನಾ (ದೈವಿಕ ಓದು) ಎಂದು ಇವತ್ತಿಗೂ ಕಲಿಸುತ್ತಾರೆ.

ಮನನದ ಆ ಹತ್ತು ನಿಮಿಷದಲ್ಲಿ ಪ್ರಾರ್ಥನೆಯ ಸರ್ವನಾಮ ಗಮನಿಸಿ. "ಅವರಿಗೆ ಇದು ತಿಳಿಯಲಿ", "ಆ ಕುಟುಂಬದವರು ಇದನ್ನು ಕೇಳಬೇಕಿತ್ತು" ಎಂದು ಬರುತ್ತಿದ್ದರೆ ನೀವು ಧ್ಯಾನ ಬಿಟ್ಟು ತರಗತಿಗೆ ಹೋಗಿದ್ದೀರಿ. "ನಾನು", "ನನಗೆ" ಎಂದು ತಿದ್ದಿ ಹೇಳಿ. ಕೃತಕ ಅನ್ನಿಸಬಹುದು, ಆದರೂ ಕೆಲಸ ಮಾಡುತ್ತದೆ.

ಪಾಠಕ್ಕೆ ಒಳ್ಳೆಯದೊಂದು ಹೊಳಹು ಧ್ಯಾನದ ನಡುವೆ ಬಂದೇ ಬರುತ್ತದೆ. ಅದನ್ನು ಪಾಪವೆಂಬಂತೆ ಒದ್ದೋಡಿಸಬೇಕಿಲ್ಲ, ಒದ್ದಷ್ಟೂ ಮತ್ತೆ ಬರುತ್ತದೆ. ಬೈಬಲ್ ಹಿಂದೆ ಒಂದು ಚೀಟಿ, ಒಂದು ಪೆನ್ಸಿಲ್ ತುಂಡು ಇಟ್ಟಿರಿ. ಐದಾರು ಪದದಲ್ಲಿ ಬರೆದು ಚೀಟಿ ಮಡಚಿ, ಓದಿಗೆ ಮರಳಿ. ಬರೆದಿಟ್ಟರೆ ಕಳೆದುಹೋಗುತ್ತದೆಂಬ ಭಯ ಹೋಗುತ್ತದೆ. ವಾರದ ಚೀಟಿಗಳನ್ನು ತಯಾರಿಗೆ ಕೂತಾಗ ಮಾತ್ರ ಬಿಚ್ಚಿ. ಅರ್ಧಕ್ಕರ್ಧ ಕಸಕ್ಕೆ ಹೋಗುತ್ತವೆ, ಹೋಗಲಿ.

ಎರಡು ನೋಟ್‌ಬುಕ್ ಇರಬೇಕು. ಧ್ಯಾನದ್ದು ಚಿಕ್ಕದು, ದಿನಕ್ಕೆ ಮೂರು ಸಾಲಿಗಿಂತ ಹೆಚ್ಚು ಬೇಡ, ಬೇರೆಯವರ ಕಣ್ಣಿಗೆ ಬೀಳಬಾರದು. ಪಾಠದ್ದು ದೊಡ್ಡದು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಯಾರಾದರೂ ಓದುತ್ತಾರೆಂಬ ಎಚ್ಚರ ಧ್ಯಾನಕ್ಕೂ ಬಂದು, ಸ್ವಂತ ಪಶ್ಚಾತ್ತಾಪವೂ ಭಾಷಣದ ಧಾಟಿಗೆ ಇಳಿಯುತ್ತದೆ.

ಒಂದೇ ಕೋಣೆಯ ಮನೆ, ಬೆಳಿಗ್ಗೆ ಆರಕ್ಕೆ ನಲ್ಲಿ ನೀರು, ಏಳಕ್ಕೆ ಮಕ್ಕಳ ಟಿಫನ್ ಬಾಕ್ಸ್ ಇರುವವರಿಗೆ 25 ನಿಮಿಷ ಒಟ್ಟಿಗೆ ಸಿಗದು. 15 ಸಾಕು: ಎಂಟು ಹತ್ತು ವಚನ, ಒಂದೇ ಸಲ ಓದು, ಒಂದು ವಚನ ಬಾಯಿಪಾಠ, ಕೆಲಸ ಮಾಡುತ್ತಲೇ ಅದರ ಮನನ. 119ನೆಯ ಕೀರ್ತನೆ ಇದಕ್ಕೆ ಹೇಳಿ ಮಾಡಿಸಿದಂತಿದೆ: 176 ವಚನ, ಎಂಟೆಂಟರಂತೆ 22 ತುಂಡು, ಮೂರು ವಾರದ ಓದು. ರಾತ್ರಿ ಪಾಳಿಯವರು ಕೆಲಸ ಮುಗಿಸಿ ಬಂದು ಮಲಗುವ ಮುಂಚೆ ಓದಲಿ. ಬೆಳಗಿನ ಜಾವವೇ ಆಗಬೇಕೆಂಬ ನಿಯಮವಿಲ್ಲ. ರಾತ್ರಿಯ ಕುಟುಂಬ ಪ್ರಾರ್ಥನೆಯನ್ನು ಮಾತ್ರ ಇದರ ಲೆಕ್ಕಕ್ಕೆ ಸೇರಿಸಬೇಡಿ, ಅಲ್ಲಿ ನಡೆಸಿಕೊಡುವವರು ನೀವೇ ಆಗಿದ್ದರೆ ಅದೂ ಇನ್ನೊಂದು ಪಾಠವೇ. ವಾರದಲ್ಲಿ ಮೂರು ದಿನವಾದರೂ ಮನೆಯ ಬೇರೊಬ್ಬರು ಓದಿ ಪ್ರಾರ್ಥಿಸಲಿ, ನೀವು ಕೂತು ಕೇಳಿ.

ತಯಾರಿಯ ವಾರ: ಮಾರ್ಕ 4:35-41

ಅರ್ಧ ಗಂಟೆಯ ಪಾಠಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ ತಯಾರಿ ಸಾಕು. ಅದಕ್ಕಿಂತ ಹೆಚ್ಚಾದರೆ ಸಾಮಾನ್ಯವಾಗಿ ಪಾಠ ಉದ್ದವಾಗುತ್ತದೆಯೇ ಹೊರತು ಚೆನ್ನಾಗುವುದಿಲ್ಲ. ತಯಾರಿ ಸಂಜೆ ಮಾಡಿ, ಬೇರೆ ಜಾಗದಲ್ಲಿ ಕೂತು ಮಾಡಿ.

ಬಿರುಗಾಳಿಯನ್ನು ಶಾಂತಪಡಿಸಿದ ಭಾಗವನ್ನೇ ತೆಗೆದುಕೊಳ್ಳೋಣ. ಏಳು ವಚನ, ಎಲ್ಲರಿಗೂ ಗೊತ್ತಿರುವ ಕಥೆ, ಹಾಗಾಗಿಯೇ ಕೆಡುವ ಸಾಧ್ಯತೆ ಹೆಚ್ಚು.

ಸೋಮವಾರ ಸಂಜೆ ಅರ್ಧ ಗಂಟೆ, ಬರೀ ಓದು. ನಾಲ್ಕನೆಯ ಅಧ್ಯಾಯ ಪೂರ್ತಿ, ಐದನೆಯದರ ಗೆರಸೇನರ ಸೀಮೆಯ ಘಟನೆವರೆಗೂ. ನಿಮ್ಮ ಸಭೆಯಲ್ಲಿ ಓದುವ ಅನುವಾದದಲ್ಲಿ ಜೋರಾಗಿ ಒಮ್ಮೆ, ಆಮೇಲೆ ಸರಳ ಕನ್ನಡದ ಇನ್ನೊಂದು ಅನುವಾದದಲ್ಲಿ. ಬೆಂಗಳೂರಿನಂಥ ಕಡೆ ಇಂಗ್ಲಿಷಿನಲ್ಲಿ ತಯಾರಾಗಿ ಕನ್ನಡದಲ್ಲಿ ಪಾಠ ಹೇಳುವವರು ಬಹಳ. ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಿರಿ. ಇಲ್ಲದಿದ್ದರೆ ತರಗತಿಯಲ್ಲಿ ನಿಂತು ಭಾಷಾಂತರ ಮಾಡುವುದೇ ಕೆಲಸವಾಗಿ, ಎದುರಿಗಿರುವವರ ಮುಖ ಕಾಣುವುದಿಲ್ಲ.

ಮಂಗಳವಾರ ಮುಕ್ಕಾಲು ಗಂಟೆ, ಬರೆದಿರುವುದನ್ನು ಕಾಣುವುದು. ವ್ಯಾಖ್ಯಾನ ಪುಸ್ತಕ ಮುಟ್ಟಬೇಡಿ, ಯೂಟ್ಯೂಬ್ ಪ್ರಸಂಗ ಅಂತೂ ಗುರುವಾರದವರೆಗೆ ಬೇಡವೇ ಬೇಡ. ಈ ಏಳು ವಚನದಲ್ಲಿ ಕಾಣುವುದು ಎಷ್ಟಿದೆ ನೋಡಿ. ಹೊತ್ತು ಮುಳುಗಿದೆ. ಆ ದಿನ ದೋಣಿಯಲ್ಲೇ ಕೂತು ಉಪದೇಶಿಸಿದ ಯೇಸುವನ್ನು ಹಾಗೆಯೇ ಕರೆದುಕೊಂಡು ಹೊರಡುತ್ತಾರೆ. ಜೊತೆಗೆ ಬೇರೆ ದೋಣಿಗಳೂ ಇವೆ, ಇದನ್ನು ಹೇಳುವವನು ಮಾರ್ಕ ಒಬ್ಬನೇ. ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ. (ಇಡೀ ದಿನ ಪಾಠ ಹೇಳಿ ದಣಿದವರು ಈ ವಚನವನ್ನು ಸ್ವಲ್ಪ ಹೊತ್ತು ನೋಡಬಹುದು.) ಶಿಷ್ಯರು ಬೇಡಿಕೊಳ್ಳುವುದಿಲ್ಲ, ಆಕ್ಷೇಪಿಸುತ್ತಾರೆ: ನಾವು ಸಾಯುತ್ತಿರುವುದು ನಿನಗೆ ಲೆಕ್ಕಕ್ಕಿಲ್ಲವೇ ಎಂದು. ಮತ್ತಾಯ 8:25ರಲ್ಲಿ ಅದೇ ಮಾತು ರಕ್ಷಿಸೆಂಬ ಪ್ರಾರ್ಥನೆಯಾಗಿದೆ. ಕೊನೆಗೆ, ಗಾಳಿ ನಿಂತ ಮೇಲೆ ಅವರ ಭಯ ಹೆಚ್ಚುತ್ತದೆ, "ಈತನು ಯಾರು" ಎಂದು ಕೇಳಿಕೊಳ್ಳುತ್ತಾರೆ.

ಬುಧವಾರ ಮುಕ್ಕಾಲು ಗಂಟೆ, ಹಿನ್ನೆಲೆ ಮತ್ತು ಅಡ್ಡ ಉಲ್ಲೇಖಗಳು. ಯೋನ 1:4-6ರಲ್ಲಿ ಬಿರುಗಾಳಿಯ ನಡುವೆ ಮಲಗಿದವನನ್ನು ಎಬ್ಬಿಸುತ್ತಾರೆ. ಕೀರ್ತನೆ 107:23-30ರಲ್ಲಿ ಅಲೆಗಳನ್ನು ಅಡಗಿಸುವವನು ಯೆಹೋವನು. ಶಿಷ್ಯರ ಕೊನೆಯ ಪ್ರಶ್ನೆಗೆ ಯಾಕೆ ಅಷ್ಟು ನಡುಕ ಎಂಬುದು ಈ ಕೀರ್ತನೆ ಓದಿದ ಮೇಲೆ ತಿಳಿಯುತ್ತದೆ. ಗಲಿಲಾಯ ಸಮುದ್ರ ಎಂದರೂ ಅದೊಂದು ಸಿಹಿನೀರಿನ ಕೆರೆ: ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13, ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗೆ, ಸುತ್ತ ಗುಡ್ಡ. ಗಾಳಿ ಗುಡ್ಡದಿಂದ ಇಳಿದು ಬಂದರೆ ನೀರು ಥಟ್ಟನೆ ಏಳುತ್ತದೆ. 1986ರಲ್ಲಿ ಬರದಿಂದ ನೀರಿಳಿದಾಗ ದಡದ ಕೆಸರಿನಲ್ಲಿ ಒಂದನೆಯ ಶತಮಾನದ ಕಾಲದ ಮೀನುಗಾರಿಕೆ ದೋಣಿ ಸಿಕ್ಕಿತು, ಉದ್ದ ಎಂಟು ಮೀಟರ್ ಚಿಲ್ಲರೆ, ಅಗಲ ಎರಡೂಕಾಲು ಮೀಟರ್ ಆಸುಪಾಸು. ತರಗತಿಯಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಆ ಅಳತೆ ಗೆರೆ ಎಳೆದು ಹದಿಮೂರು ಮಕ್ಕಳನ್ನು ಅದರೊಳಗೆ ನಿಲ್ಲಿಸಿ. ಹತ್ತು ನಿಮಿಷದ ವಿವರಣೆ ಬೇಕಾಗುವುದಿಲ್ಲ.

ಗುರುವಾರ ಪಾಠಕ್ಕೆಂದು ಏನೂ ಬರೆಯಬೇಡಿ. ಇದು ಎಜ್ರನ ನಡುವಿನ ಕೆಲಸದ, ಎಂದರೆ ಓದಿದಂತೆ ನಡೆಯುವ ದಿನ, ಎಲ್ಲರೂ ಮೊದಲು ಕೈಬಿಡುವ ದಿನವೂ ಹೌದು. ಆ ಭಾಗದಿಂದ ಒಂದೇ ಪ್ರಶ್ನೆ ಎತ್ತಿಕೊಂಡು ಕೆಲಸಕ್ಕೆ ಹೋಗಿ. ಇಲ್ಲಿ ಅದು 38ನೆಯ ವಚನ: ದೇವರಿಗೆ ನನ್ನ ವಿಷಯದಲ್ಲಿ ಚಿಂತೆಯಿಲ್ಲ ಎಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟ ಸಂಗತಿ ಯಾವುದು? ಸಂಜೆ ಅದರ ಬಗ್ಗೆ ಮಾಡಬೇಕಾದದ್ದು ಏನಾದರೂ ಇದ್ದರೆ ಮಾಡಿ: ಮುಂದೂಡಿದ ಫೋನ್ ಕರೆ, ಬಿಟ್ಟುಬಿಟ್ಟಿದ್ದ ಪ್ರಾರ್ಥನೆ. ಬಂದ ಉತ್ತರ ಚಿಕ್ಕ ನೋಟ್‌ಬುಕ್ಕಿಗೆ ಹೋಗಲಿ. ಮೂರು ವಾರ ಮುಂಚೆ ಇದೇ ಭಾಗ ಓದಿ ಬರೆದ ಮೂರು ಸಾಲನ್ನೂ ತೆಗೆದು ನೋಡಿ.

ಶುಕ್ರವಾರ ಒಂದು ಗಂಟೆ, ಪಾಠ ಕಟ್ಟುವುದು. ಮೊದಲು ಒಂದೇ ವಾಕ್ಯದಲ್ಲಿ ಈ ಭಾಗ ಏನು ಹೇಳುತ್ತದೆ ಎಂದು ಬರೆಯಿರಿ, ಹದಿನೈದು ಪದ ಮೀರದಂತೆ. ಇಲ್ಲಿ: "ಗಾಳಿಗೂ ನೀರಿಗೂ ಅಪ್ಪಣೆ ಕೊಡುವ ದೇವರ ಅಧಿಕಾರ ದೋಣಿಯಲ್ಲಿ ಮಲಗಿದ್ದ ಯೇಸುವಿನಲ್ಲಿದೆ." ಈಗ ಗುರುವಾರದ ನಿಮ್ಮ ಉತ್ತರದ ಪಕ್ಕ ಇದನ್ನು ಇಟ್ಟು ನೋಡಿ. ಎರಡೂ ಒಂದಲ್ಲ, ಒಂದಾಗಬೇಕಿಲ್ಲ. ನಿಮ್ಮನ್ನು ಮುಟ್ಟಿದ್ದು ಶಿಷ್ಯರ ಆಕ್ಷೇಪ, ಮಾರ್ಕ ಕೊನೆಗೆ ಒಯ್ಯುವುದು ಯೇಸು ಯಾರು ಎಂಬ ಪ್ರಶ್ನೆಗೆ. ಧ್ಯಾನದಲ್ಲಿ ಸಿಕ್ಕಿದ್ದನ್ನು ಪಾಠದ ಮುಖ್ಯ ಅರ್ಥವೆಂದು ಸಾರುವುದು ಭಕ್ತಿಯುಳ್ಳ ಟೀಚರ್‌ಗಳು ಮಾಡುವ ಸಾಮಾನ್ಯ ತಪ್ಪು. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದವರು ಆ ವಾರ ಬಿರುಗಾಳಿಯೆಂದರೆ ಕೆಲಸ ಹೋಗುವುದು ಎನ್ನುತ್ತಾರೆ, ಮಗುವಿಗೆ ಜ್ವರವಿದ್ದವರು ಕಾಯಿಲೆ ಎನ್ನುತ್ತಾರೆ, ಕೊನೆಗೆ ಬೇರೆ ದೋಣಿಗಳಿಗೂ ಒಂದೊಂದು ಗೂಢಾರ್ಥ ಹುಟ್ಟುತ್ತದೆ. ಅನ್ವಯ ತಪ್ಪಲ್ಲ. ಮೊದಲು ಬೈಬಲ್ ಭಾಗದ ಅರ್ಥ, ಆಮೇಲೆ ಅನ್ವಯಗಳಲ್ಲಿ ಒಂದಾಗಿ ನಿಮ್ಮದು.

ಬಾಕಿ ಹೊತ್ತಿನಲ್ಲಿ ಮೂರು ಪ್ರಶ್ನೆ ಬರೆಯಿರಿ: ವಚನದಲ್ಲೇ ಉತ್ತರ ಸಿಗುವಂಥದ್ದೊಂದು, ಯೋಚಿಸಬೇಕಾದದ್ದೊಂದು, ಮನೆಗೆ ಒಯ್ಯುವಂಥದ್ದೊಂದು. ವ್ಯಾಖ್ಯಾನ ತೆರೆಯಬಹುದಾದ ಹೊತ್ತೂ ಇದೇ, ನಿಮ್ಮ ವಾಕ್ಯ ಸರಿಯೇ ಎಂದು ಒರೆಹಚ್ಚಿ ನೋಡಲು. ಶನಿವಾರ ಅರ್ಧ ಗಂಟೆ ಗಡಿಯಾರ ಇಟ್ಟು ಹೇಳಿ ನೋಡಿ, ರಾತ್ರಿ ಒಂಬತ್ತಕ್ಕೆ ನಿಲ್ಲಿಸಿ.

ತಯಾರಿಯ ನಡುವೆ ವಚನವೊಂದು ನಿಮ್ಮನ್ನೇ ಹಿಡಿದು ನಿಲ್ಲಿಸಿದರೆ ಆ ಕ್ಷಣ ಪೆನ್ನು ಕೆಳಗಿಡಿ, ಎರಡು ಮೂರು ನಿಮಿಷ ಪ್ರಾರ್ಥಿಸಿ ಮುಂದುವರಿಯಿರಿ. ಧ್ಯಾನ ಬೆಳಗಿನದು, ಇದು ಬರೀ ಕೆಲಸ ಎಂದು ಗೋಡೆ ಕಟ್ಟಬೇಕಿಲ್ಲ.

ಎಡವುವ ಇನ್ನೆರಡು ಕಡೆ

ತಯಾರಿಯೇ ಬೇಡ, ಬಾಯಿ ತೆರೆದರೆ ಪವಿತ್ರಾತ್ಮನೇ ಮಾತು ಕೊಡುತ್ತಾನೆ ಎನ್ನುವವರೂ ನಮ್ಮ ಸಭೆಗಳಲ್ಲಿ ಇದ್ದಾರೆ. ಅವರು ತೋರಿಸುವ ವಚನ ಮತ್ತಾಯ 10:19-20. ಹಿಂದುಮುಂದಿನ ವಚನ ಓದಿದರೆ ಅದು ಅಧಿಪತಿಗಳ ಮುಂದೆ ಎಳೆದೊಯ್ಯಲ್ಪಟ್ಟ ಶಿಷ್ಯರಿಗೆ ಕೊಟ್ಟ ವಾಗ್ದಾನ. ಪ್ರತಿ ವಾರ ಮೊದಲೇ ಗೊತ್ತಿರುವ ಪಾಠಕ್ಕೆ ಅದು ರಜೆ ಕೊಡುವುದಿಲ್ಲ. ಹೀಗೆ ಕಲಿಸುವವರ ಪಾಠ ಗಮನಿಸಿ: ಭಾಗ ಯಾವುದಾದರೂ ಮಾತು ಅದೇ ನಾಲ್ಕು, ಯಾಕೆಂದರೆ ನಾಲಿಗೆಗೆ ಬರುವುದು ಅಭ್ಯಾಸವಾದದ್ದು.

ಇನ್ನೊಂದು, ಹಸಿ ಗಾಯವನ್ನು ಸಾಕ್ಷಿಯಾಗಿ ತರಗತಿಗೆ ತರುವುದು. ಈ ವಾರದ ಜಗಳ, ಇನ್ನೂ ತೀರದ ಸಂಕಟ ಹೇಳಲು ಹೊರಟರೆ ಕೇಳುವವರು ವಾಕ್ಯ ಬಿಟ್ಟು ನಿಮ್ಮನ್ನು ಸಂತೈಸಲು ತೊಡಗುತ್ತಾರೆ, ಮನೆಯವರ ಗುಟ್ಟು ಸಭೆಯ ಮಾತಾಗುತ್ತದೆ. ಕನಿಷ್ಠ ಆರು ತಿಂಗಳು ಹಳತಾಗಿರಬೇಕು, ಅದರಲ್ಲಿ ಬರುವ ಇನ್ನೊಬ್ಬರ ಒಪ್ಪಿಗೆ ಇರಬೇಕು. ಅಲ್ಲಿವರೆಗೆ ಅದನ್ನು ನಿಮ್ಮ ಸಭಾಪಾಲಕರಿಗೋ ನಂಬಿಕಸ್ಥ ಹಿರಿಯರೊಬ್ಬರಿಗೋ ಹೇಳಿ.

ಸಿದ್ಧ ಪಾಠಗಳ ಬಗ್ಗೆಯೂ ಕೇಳುತ್ತಾರೆ. ಮೊಬೈಲಿನಲ್ಲಿ ಪಾಠದ ರೂಪರೇಖೆ ಬೇಕಾದಷ್ಟು ಸಿಗುತ್ತದೆ. ಶುಕ್ರವಾರ ನಿಮ್ಮದು ಕಟ್ಟಿದ ಮೇಲೆ ನೋಡಿದರೆ ತೊಂದರೆಯಿಲ್ಲ. ಸೋಮವಾರವೇ ನೋಡಿದರೆ ಆ ವಾರವೆಲ್ಲ ನೀವು ಓದುವುದು ಬೈಬಲನ್ನಲ್ಲ, ಆ ರೂಪರೇಖೆಯನ್ನು. ಯೆರೆಮೀಯ 23:30 ಒಬ್ಬರ ಮಾತನ್ನೊಬ್ಬರು ಕದಿಯುವ ಪ್ರವಾದಿಗಳ ವಿಷಯ ಎತ್ತುತ್ತದೆ.

ಭಾನುವಾರ, ಸೋಮವಾರ, ಬಿಡುವು

ಭಾನುವಾರ ಬೆಳಿಗ್ಗೆ ಟಿಪ್ಪಣಿ ತೆರೆಯಬೇಡಿ. ಒಂದು ಕೀರ್ತನೆ, ತರಗತಿಗೆ ಬರುವವರ ಹೆಸರು ಹಿಡಿದು ಪ್ರಾರ್ಥನೆ, ಅಷ್ಟೇ. ಪಾಠವಾದ ಮೇಲೆ ಆರಾಧನೆಯಲ್ಲಿ ಹಾಜರಿ ಪುಸ್ತಕ, ಕಾಣಿಕೆ ಲೆಕ್ಕ ನೋಡುತ್ತ ಹಿಂದಿನ ಬೆಂಚಿನಲ್ಲಿ ಕೂರಬೇಡಿ. ವಾರದಲ್ಲಿ ನೀವು ಬರೀ ಕೇಳುಗರಾಗಿರುವ ಹೊತ್ತು ಬಹುಶಃ ಅದೊಂದೇ. ನಿಮ್ಮ ತರಗತಿ ಆರಾಧನೆಯ ಹೊತ್ತಿಗೇ ನಡೆಯುವುದಾದರೆ ತಿಂಗಳಿಗೊಂದು ಭಾನುವಾರ ಇನ್ನೊಬ್ಬರು ತರಗತಿ ನೋಡಿಕೊಳ್ಳುವಂತೆ ಕಮಿಟಿಯಲ್ಲಿ ಕೇಳಿ ಗೊತ್ತುಮಾಡಿಕೊಳ್ಳಿ.

ಸೋಮವಾರ ಬೆಳಿಗ್ಗೆ ಬೈಬಲ್ ಕೈಗೆತ್ತಿಕೊಳ್ಳಲು ಮನಸ್ಸೇ ಬಾರದಿದ್ದರೆ ಗಾಬರಿ ಬೇಡ, ಅದು ಹೆಚ್ಚಾಗಿ ದಣಿವು. 1 ಅರಸು 19ರಲ್ಲಿ ಕರ್ಮೆಲ್ ಬೆಟ್ಟದ ಗೆಲುವಿನ ಬೆನ್ನಿಗೇ ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ರೊಟ್ಟಿ, ನೀರು, ನಿದ್ದೆ. ಮಾತು ಬಂದದ್ದು ಆಮೇಲೆ. ಸೋಮವಾರಕ್ಕೆ ಹತ್ತು ನಿಮಿಷ, ಗೊತ್ತಿರುವ ಒಂದು ಕೀರ್ತನೆ, ಸಾಕು.

ಆದರೆ ಈ ಬೇಸರ ಆರೆಂಟು ವಾರ ಮುಂದುವರಿದರೆ, ಚಿಕ್ಕ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಖಾಲಿಯಿದ್ದು ದೊಡ್ಡದು ಮಾತ್ರ ತುಂಬುತ್ತಿದ್ದರೆ, ಪಾಠದಿಂದ ಮೂರು ತಿಂಗಳು ಬಿಡುವು ಕೇಳಿ. ಕೇಳುವ ಸಮಯ ಮುಖ್ಯ: ಪಾಠದ ಸರಣಿಯೊಂದು ಮುಗಿಯುವಾಗ ಅಥವಾ ಬೇಸಿಗೆಯ ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ) ಮುಗಿದ ಮೇಲೆ, ಒಂದು ತಿಂಗಳು ಮುಂಚೆ ತಿಳಿಸಿ. ಬದಲಿಗೆ ಬರುವವರ ಜೊತೆ ಎರಡು ವಾರ ತರಗತಿಯಲ್ಲಿ ಕೂತು, ದೊಡ್ಡ ನೋಟ್‌ಬುಕ್ ಅವರ ಕೈಗೆ ಕೊಡಿ. ಆ ಮೂರು ತಿಂಗಳು ಯಾರಾದರೂ "ಈ ವಾರ ಒಂದು ಸಲ ಸ್ವಲ್ಪ ನೋಡಿಕೊಳ್ಳಿ" ಎಂದರೆ ಆಗುವುದಿಲ್ಲ ಎಂದು ಹೇಳಿ. ಬೆಳಿಗ್ಗೆ ಓದಲು ಲೂಕನ ಸುವಾರ್ತೆ ಹಿಡಿಯಬಹುದು, 24 ಅಧ್ಯಾಯ, ನಾಲ್ಕು ದಿನಕ್ಕೊಂದರಂತೆ.